ಯುರೋಪಿನ ರೈಲು: ಪಾಸೋ, ಅಗ್ಗದ ಟಿಕೆಟ್ಟೋ, ಪೂರ್ತಿ ದರದ ಟಿಕೆಟ್ಟೋ?

ಯುರೋಪ್ ಸುತ್ತಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಪಾಸ್ ತಗೊಳ್ಳೋದು ಲಾಭಾನಾ, ಬಿಡಿ ಟಿಕೆಟ್ ಲಾಭಾನಾ?" ಪಾಸ್ ಅಂದರೆ ಒಮ್ಮೆ ದುಡ್ಡು ಕೊಟ್ಟು, ಗೊತ್ತುಮಾಡಿದಷ್ಟು ದಿನ ಹಲವು ದೇಶಗಳ ರೈಲುಗಳಲ್ಲಿ ಓಡಾಡುವ ಟಿಕೆಟ್. ದುಡ್ಡಿನ ಲೆಕ್ಕ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ರೈಲು ಲೇಟಾಗಿ ಮುಂದಿನ ರೈಲು ತಪ್ಪಿತು ಅಂದುಕೊಳ್ಳಿ. ಆಗ ಹೊಸ ಟಿಕೆಟ್ಟಿನ ಖರ್ಚು ಯಾರದು? ರೈಲು ಕಂಪನಿಯದೋ, ನಿಮ್ಮದೋ? ನೀವು ಯಾವ ಟಿಕೆಟ್ ಕೊಂಡಿರಿ, ಹೇಗೆ ಕೊಂಡಿರಿ ಅನ್ನುವುದರ ಮೇಲೆ ಇದಕ್ಕೆ ಉತ್ತರ ಇದೆ. ಬುಕ್ ಮಾಡುವಾಗ ಒಂದಿಷ್ಟು ಯೂರೋ ಉಳಿಸಿ, ಆಮೇಲೆ ಸ್ಟೇಷನ್ನಿನಲ್ಲಿ ಅದರ ನಾಲ್ಕರಷ್ಟು ತೆತ್ತವರನ್ನು ಕಂಡಿದ್ದೇನೆ. ಅಂಥ ಬೇಸರ ನಿಮಗೆ ಆಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ದರ ಯಾಕೆ ಹೀಗೆ ಏರುತ್ತದೆ

ನಮ್ಮಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಸ್ಲೀಪರ್ ಟಿಕೆಟ್ ಇವತ್ತು ಮಾಡಿಸಿದರೂ ತಿಂಗಳ ಮೊದಲೇ ಮಾಡಿಸಿದರೂ ದರ ಹೆಚ್ಚುಕಡಿಮೆ ಒಂದೇ. ತತ್ಕಾಲ್ ಮಾತು ಬೇರೆ. ಸೀಟು ಸಿಗುತ್ತೋ ಇಲ್ಲವೋ ಅನ್ನುವುದೇ ನಮ್ಮ ಚಿಂತೆ. ಯುರೋಪಿನ ದೂರದ ರೈಲುಗಳಲ್ಲಿ ಇದು ಉಲ್ಟಾ. ಸೀಟು ಬಹುಪಾಲು ಸಿಗುತ್ತದೆ, ಆದರೆ ದರ ವಿಮಾನದ ಟಿಕೆಟ್ಟಿನ ಹಾಗೆ ಏರುತ್ತಾ ಹೋಗುತ್ತದೆ. ಎರಡು ಮೂರು ತಿಂಗಳ ಮೊದಲು 30 ಯೂರೋ ಇದ್ದ ಸೀಟು, ಹೊರಡುವ ಹಿಂದಿನ ದಿನ 120 ಆಗಿರುವುದು ಅಪರೂಪವೇನಲ್ಲ. ಜರ್ಮನಿಯ ಐಸಿಇ, ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೋಸ್ಸಾ, ಲಂಡನ್ ಮತ್ತು ಪ್ಯಾರಿಸ್ ನಡುವಿನ ಯೂರೋಸ್ಟಾರ್, ಈ ವೇಗದ ರೈಲುಗಳೆಲ್ಲವೂ ಹೀಗೇ.

ಊರೂರಿಗೆ ನಿಲ್ಲುವ ಲೋಕಲ್ ರೈಲುಗಳ ದರ ಮಾತ್ರ ಹೀಗೆ ಏರುವುದಿಲ್ಲ. ಮಿಲಾನ್‌ನಿಂದ ಕೋಮೊ ಸರೋವರಕ್ಕೆ ಹೋಗುವ ಲೋಕಲ್ ಟಿಕೆಟ್ಟನ್ನು ತಿಂಗಳ ಮೊದಲೇ ತೆಗೆದುಕೊಂಡರೆ ಒಂದು ಪೈಸೆ ಲಾಭವೂ ಇಲ್ಲ. ಸುಮ್ನೆ ಆ ದಿನಕ್ಕೆ ಕಟ್ಟಿಬೀಳುತ್ತೀರಿ ಅಷ್ಟೇ.

ಡಿಸೆಂಬರ್ ತಿಂಗಳ ಒಂದು ವಿಷಯ ನೆನಪಿರಲಿ. ಪ್ರತಿ ವರ್ಷ ಡಿಸೆಂಬರ್ ಎರಡನೇ ವಾರದ ಹೊತ್ತಿಗೆ ಯುರೋಪಿನ ಎಲ್ಲ ದೇಶಗಳ ವೇಳಾಪಟ್ಟಿ ಒಟ್ಟಿಗೇ ಬದಲಾಗುತ್ತದೆ. ಅದರ ನಂತರದ ದಿನಗಳ ಟಿಕೆಟ್ ಮಾರಾಟ ಕೆಲವು ದೇಶಗಳಲ್ಲಿ ತಡವಾಗಿ ಶುರುವಾಗುತ್ತದೆ. ಕ್ರಿಸ್‌ಮಸ್ ರಜೆಗೆ ಹುಡುಕುವಾಗ ರೈಲೇ ಕಾಣಿಸದಿದ್ದರೆ ಗಾಬರಿ ಬೇಡ, ಇನ್ನೂ ಮಾರಾಟಕ್ಕೆ ಬಂದಿರದಿರಬಹುದು.

ಅಗ್ಗದ ಟಿಕೆಟ್

ಮುಂಚಿತವಾಗಿ ತೆಗೆದುಕೊಳ್ಳುವ ಅಗ್ಗದ ಟಿಕೆಟ್ ಒಂದೇ ರೈಲಿಗೆ ಕಟ್ಟಿದ್ದು. 10:28ರ ರೈಲು ಅಂದರೆ 10:28ರದ್ದೇ. ತಿಂಡಿ ತಿನ್ನುತ್ತಾ ತಡ ಮಾಡಿ 11:28ಕ್ಕೆ ಹತ್ತಿದರೆ ಟಿಕೆಟ್ ಇಲ್ಲದವರ ಸಾಲಿಗೇ ಸೇರುತ್ತೀರಿ. ಜರ್ಮನಿಯಲ್ಲಿ ಇದರಲ್ಲೂ ಎರಡು ಬಗೆ. ಸ್ಪಾರ್‌ಪ್ರೈಸ್ ಟಿಕೆಟ್ಟನ್ನು 10 ಯೂರೋ ಮುರಿದುಕೊಂಡು ರದ್ದು ಮಾಡಬಹುದು, ಉಳಿದದ್ದು ವೋಚರ್ ಆಗಿ ಬರುತ್ತದೆ. ಸೂಪರ್ ಸ್ಪಾರ್‌ಪ್ರೈಸ್ ಇನ್ನೂ ಅಗ್ಗ, ಆದರೆ ರದ್ದು ಮಾಡಿದರೆ ಏನೂ ಬರುವುದಿಲ್ಲ. ಎರಡರ ನಡುವೆ ಕೆಲವೇ ಯೂರೋ ವ್ಯತ್ಯಾಸ ಇದ್ದರೆ ಮೊದಲಿನದೇ ಮೇಲು. ವೀಸಾ ಇನ್ನೂ ಕೈಗೆ ಬರದವರಿಗಂತೂ ಇದನ್ನು ಒತ್ತಿ ಹೇಳುತ್ತೇನೆ.

ಇಷ್ಟೆಲ್ಲ ಕಟ್ಟುಪಾಡು ಇದ್ದರೂ ಈ ಟಿಕೆಟ್ಟಿಗೆ ಒಂದು ಒಳ್ಳೆಯ ಗುಣ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಜರ್ಮನಿಯಲ್ಲಿ ರೈಲು ತಡವಾಗಿ, ನೀವು ತಲುಪುವ ಊರಿಗೆ 20 ನಿಮಿಷ ಅಥವಾ ಅದಕ್ಕಿಂತ ತಡವಾಗಿ ಸೇರುತ್ತೀರಿ ಎಂದು ಗೊತ್ತಾದರೆ, ಆ ಕಟ್ಟು ಬಿಚ್ಚಿಹೋಗುತ್ತದೆ. ಅದೇ ಟಿಕೆಟ್ಟಿನಲ್ಲಿ ಬೇರೆ ಐಸಿಇ ಹತ್ತಬಹುದು. ಮಧ್ಯದಲ್ಲಿ ಬದಲಿಸುವ ರೈಲು ತಪ್ಪಿದರೂ ಅಷ್ಟೇ, ಮುಂದಿನದಕ್ಕೆ ಹತ್ತಿದರಾಯಿತು. ಒಂದೇ ಷರತ್ತು: ಹೊರಡುವ ಊರಿನಿಂದ ತಲುಪುವ ಊರಿನ ತನಕ ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿ ಇರಬೇಕು.

ಒಂದೇ ಟಿಕೆಟ್ಟೋ, ತುಂಡು ಟಿಕೆಟ್ಟೋ

ದಾರಿಯ ಎಡವಟ್ಟು ಹೆಚ್ಚು ಆಗುವುದು ಇಲ್ಲೇ. ಹ್ಯಾಂಬರ್ಗ್‌ನಿಂದ ಮಿಲಾನ್‌ಗೆ ಹೋಗಬೇಕು ಅನ್ನಿ. ಹ್ಯಾಂಬರ್ಗ್‌ನಿಂದ ಬಾಸೆಲ್‌ಗೆ ಒಂದು ಟಿಕೆಟ್, ಬಾಸೆಲ್‌ನಿಂದ ಮಿಲಾನ್‌ಗೆ ಇನ್ನೊಂದು, ಎರಡೂ ಬೇರೆ ಬೇರೆ ವೆಬ್‌ಸೈಟಿನಲ್ಲಿ ತೆಗೆದರೆ 20 ಯೂರೋ ಉಳಿಯಿತು ಅಂತ ಖುಷಿ ಆಗುತ್ತದೆ. ಮೊದಲ ರೈಲು ಒಂದು ಗಂಟೆ ಲೇಟಾಗಿ ಬಾಸೆಲ್‌ನಲ್ಲಿ ಎರಡನೆಯದು ಹೊರಟುಹೋದರೆ, ಕಾನೂನಿನ ಕಣ್ಣಿಗೆ ಅದು ಎರಡು ಬೇರೆ ಪ್ರಯಾಣ. ಮೊದಲ ಟಿಕೆಟ್ 60 ಯೂರೋ ಆಗಿದ್ದರೆ ಅದರ ಕಾಲುಭಾಗ, ಅಂದರೆ 15 ಯೂರೋ ಪರಿಹಾರ ಕೇಳಬಹುದು. ಎರಡನೇ ಟಿಕೆಟ್ ಕೈಬಿಟ್ಟಂತೆ. ಹೊಸದನ್ನು ಆ ದಿನದ ದರಕ್ಕೆ ಕೊಳ್ಳಬೇಕು.

ಇದನ್ನೇ ಒಂದೇ ಟಿಕೆಟ್ ಆಗಿ ತೆಗೆದಿದ್ದರೆ ನಿಮ್ಮನ್ನು ಮಿಲಾನ್ ತಲುಪಿಸುವ ಹೊಣೆ ಕಂಪನಿಯದು. ಪರಿಹಾರವೂ ಪೂರ್ತಿ ಟಿಕೆಟ್ಟಿನ ಬೆಲೆಯ ಮೇಲೆ ಲೆಕ್ಕ. ನಾನು ಉಳಿತಾಯದ ಆಸೆಗೆ ತುಂಡು ಟಿಕೆಟ್ ತೆಗೆಯುವುದು ಎರಡೇ ಸಂದರ್ಭದಲ್ಲಿ: ನಡುವೆ ಎರಡು ಮೂರು ಗಂಟೆ ಬಿಡುವು ಇದ್ದಾಗ, ಇಲ್ಲವೇ ಆ ಊರಿನಲ್ಲೇ ರಾತ್ರಿ ಉಳಿಯುವಾಗ.

ಹಲವು ಕಂಪನಿಗಳ ಟಿಕೆಟ್ ಮಾರುವ ಆ್ಯಪ್‌ಗಳಲ್ಲಿ ಇದನ್ನು ಗಮನವಿಟ್ಟು ನೋಡಬೇಕು. ಪರದೆ ಮೇಲೆ ಒಂದೇ ಪ್ರಯಾಣದ ಹಾಗೆ ತೋರಿಸಿ, ದುಡ್ಡು ಕೊಟ್ಟ ಮೇಲೆ ಮೂರು ಟಿಕೆಟ್ ಕಳಿಸಿರುತ್ತಾರೆ. 2023ರ ಜೂನ್ 7ರಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ರೈಲು ಪ್ರಯಾಣಿಕರ ಹಕ್ಕಿನ ನಿಯಮದಲ್ಲಿ ಇದಕ್ಕೊಂದು ಉತ್ತರ ಇದೆ. ಮಾರುವವರು ತಾವೇ ಟಿಕೆಟ್‌ಗಳನ್ನು ಜೋಡಿಸಿ ಒಟ್ಟಿಗೆ ಮಾರಿ, ಇವು ಬೇರೆ ಬೇರೆ ಒಪ್ಪಂದ ಎಂದು ಮೊದಲೇ ತಿಳಿಸಿರದಿದ್ದರೆ, ಮಧ್ಯದ ರೈಲು ತಪ್ಪಿದಾಗ ಕೊಟ್ಟ ದುಡ್ಡನ್ನೆಲ್ಲ ವಾಪಸ್ ಕೊಟ್ಟು, ಮೇಲೆ ಅದರ ಶೇ 75ರಷ್ಟು ಪರಿಹಾರವನ್ನೂ ಕೊಡಬೇಕು. ಆದರೆ ಬಹಳಷ್ಟು ಆ್ಯಪ್‌ಗಳು ಆ ಮಾತನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತವೆ. ದುಡ್ಡು ಕಟ್ಟುವ ಮುನ್ನ ಅದನ್ನು ಓದಿ. ಒಂದೇ ಕಂಪನಿಯ ರೈಲುಗಳನ್ನು ಆ ಕಂಪನಿಯ ಬಳಿಯೇ ಒಂದೇ ಸಲಕ್ಕೆ ಕೊಂಡರೆ ಅದು ಒಂದೇ ಟಿಕೆಟ್ ಎಂದು ನಿಯಮ ಹೇಳುತ್ತದೆ. ಅದಕ್ಕೇ ಸಾಧ್ಯವಾದಷ್ಟು ರೈಲು ಕಂಪನಿಯ ಸ್ವಂತ ಸೈಟಿನಲ್ಲೇ ಕೊಳ್ಳಿ. ಬುಕಿಂಗ್ ಶುಲ್ಕವೂ ಉಳಿಯುತ್ತದೆ.

ಇನ್ನೊಂದು ವಿಚಾರ. ಗಡಿ ದಾಟುವ ಒಂದೇ ರೈಲನ್ನು ಎರಡು ದೇಶದವರೂ ಮಾರುತ್ತಾರೆ, ದರ ಮಾತ್ರ ಬೇರೆ ಬೇರೆ. ಬರ್ಲಿನ್‌ನಿಂದ ಪ್ರಾಗ್‌ಗೆ ಹೋಗುವ ರೈಲನ್ನು ಜರ್ಮನಿಯ ಡಾಯ್ಚ ಬಾನ್ ಸೈಟಿನಲ್ಲೂ ನೋಡಿ, ಚೆಕ್ ರೈಲ್ವೆಯ ಸೈಟಿನಲ್ಲೂ ನೋಡಿ. ಹಲವು ಸಲ ಎರಡನೆಯದರಲ್ಲಿ ಅಗ್ಗ.

ಬೇರೆ ಬೇರೆ ಟಿಕೆಟ್ ಇಟ್ಟುಕೊಂಡು ಗಡಿ ದಾಟುವಾಗ ಮುಂದಿನ ರೈಲು ತಪ್ಪಿದರೂ ಪೂರ್ತಿ ಕೈಚೆಲ್ಲಬೇಡಿ. ಯುರೋಪಿನ ಹಲವು ದೊಡ್ಡ ರೈಲು ಕಂಪನಿಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಒಂದು ಒಪ್ಪಂದ ಇದೆ. ತಡವಾದ ರೈಲಿನ ಟಿಸಿ ಅಥವಾ ಸ್ಟೇಷನ್ನಿನ ಸಿಬ್ಬಂದಿಯಿಂದ "ರೈಲು ತಡವಾಗಿತ್ತು" ಎಂದು ಬರೆಸಿಕೊಂಡು ಹೋದರೆ, ಸೀಟಿದ್ದರೆ ಮುಂದಿನ ರೈಲಿಗೆ ಹತ್ತಿಸಿಕೊಳ್ಳುತ್ತಾರೆ. ಇದು ಕಾಯಿದೆಯ ಹಕ್ಕಲ್ಲ, ಸೌಜನ್ಯ. ಎಲ್ಲ ಕಂಪನಿಗಳೂ ಇದರಲ್ಲಿಲ್ಲ, ಅಗ್ಗದ ರೈಲುಗಳು ಬಹುಪಾಲು ಹೊರಗೇ. ಆದರೂ ಮೊದಲು ಕೌಂಟರಿಗೆ ಹೋಗಿ ಕೇಳಿ, ಹೊಸ ಟಿಕೆಟ್ ಆಮೇಲೆ ಕೊಳ್ಳಿ.

ಪಾಸ್ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಪಾಸ್ ಎರಡು ಹೆಸರಿನಲ್ಲಿ ಬರುತ್ತದೆ. ಯುರೋಪಿನ ಹೊರಗೆ ವಾಸಿಸುವವರಿಗೆ ಯುರೇಲ್, ಯುರೋಪಿನಲ್ಲಿ ವಾಸಿಸುವವರಿಗೆ ಇಂಟರ್‌ರೇಲ್. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಮುಖ್ಯವಲ್ಲ, ಮನೆ ಎಲ್ಲಿದೆ ಅನ್ನುವುದು ಮುಖ್ಯ. ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಮಗಳಿಗೆ ಇಂಟರ್‌ರೇಲ್, ಮೈಸೂರಿನಿಂದ ಬಂದ ಅಪ್ಪ ಅಮ್ಮನಿಗೆ ಯುರೇಲ್. ಮಗಳ ಪಾಸ್ ಜರ್ಮನಿಯ ಒಳಗೆ ಎರಡೇ ಸಲ ನಡೆಯುತ್ತದೆ, ದೇಶದಿಂದ ಹೊರಹೋಗಲು ಒಮ್ಮೆ, ವಾಪಸ್ ಬರಲು ಒಮ್ಮೆ. ಅಪ್ಪ ಅಮ್ಮನಿಗೆ ಆ ಮಿತಿ ಇಲ್ಲ. 60 ದಾಟಿದವರಿಗೆ ಶೇ 10 ರಿಯಾಯಿತಿ. 12ಕ್ಕಿಂತ ಚಿಕ್ಕ ಮಕ್ಕಳಿಗೆ, ಒಬ್ಬ ದೊಡ್ಡವರ ಜೊತೆ ಇಬ್ಬರ ತನಕ, ಪಾಸ್ ಉಚಿತ.

ಒಂದು ತಿಂಗಳಲ್ಲಿ 7 ದಿನ ಓಡಾಡುವ ಎರಡನೇ ದರ್ಜೆಯ ಪಾಸ್ 400 ಯೂರೋ ಆಸುಪಾಸಿನಲ್ಲಿದೆ. ದಿನಕ್ಕೆ ಸುಮಾರು 57 ಯೂರೋ. ಇಲ್ಲಿಗೇ ಲೆಕ್ಕ ನಿಲ್ಲಿಸಿದವರಿಗೆ ಆಮೇಲೆ ಆಘಾತ ಕಾದಿರುತ್ತದೆ. ಪಾಸ್ ಇದ್ದರೂ ಹಲವು ರೈಲುಗಳಿಗೆ ರಿಸರ್ವೇಶನ್ ಕಡ್ಡಾಯ, ಅದಕ್ಕೆ ಬೇರೆ ದುಡ್ಡು. ಫ್ರಾನ್ಸಿನ ಒಳಗಿನ ಟಿಜಿವಿಗೆ 10ರಿಂದ 20 ಯೂರೋ. ಇಟಲಿಯ ವೇಗದ ರೈಲಿಗೆ 10ಕ್ಕಿಂತ ಸ್ವಲ್ಪ ಮೇಲೆ. ಯೂರೋಸ್ಟಾರ್‌ಗೆ 30 ಅಥವಾ ಇನ್ನೂ ಜಾಸ್ತಿ, ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಹೋಗುವ ರೈಲಿಗೂ ಹತ್ತಿರಹತ್ತಿರ ಅಷ್ಟೇ. ಮಕ್ಕಳ ಪಾಸ್ ಉಚಿತವಾದರೂ ಅವರ ರಿಸರ್ವೇಶನ್ ಉಚಿತವಲ್ಲ. ಇನ್ನೂ ಒಂದು: ಟಿಜಿವಿ, ಯೂರೋಸ್ಟಾರ್‌ಗಳಲ್ಲಿ ಪಾಸಿನವರಿಗೆ ಅಂತ ಇಡುವ ಸೀಟುಗಳು ಕಡಿಮೆ. ಅವು ಮುಗಿದರೆ ರೈಲಿನಲ್ಲಿ ಬೇರೆ ಸೀಟು ಖಾಲಿ ಇದ್ದರೂ ನಿಮಗಿಲ್ಲ. ಇಟಲಿಯ ಇಟಾಲೊ, ಫ್ರಾನ್ಸ್ ಮತ್ತು ಸ್ಪೇನ್‌ನ ವೀಗೊ ರೈಲುಗಳಲ್ಲಿ ಪಾಸ್ ನಡೆಯುವುದೇ ಇಲ್ಲ.

ಹಾಗಾದರೆ ಪಾಸ್ ಬೇಡವೇ? ಬೇಕು, ಆದರೆ ಸರಿಯಾದ ದೇಶಗಳಿಗೆ. ಪಾಸಿನ ನಿಜವಾದ ಬಲ ಅಗ್ಗದಲ್ಲಿಲ್ಲ, ಸಿಕ್ಕ ರೈಲು ಹತ್ತುವ ಸ್ವಾತಂತ್ರ್ಯದಲ್ಲಿದೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ನೆದರ್‌ಲ್ಯಾಂಡ್ಸ್‌ಗಳ ಒಳಗಿನ ಬಹುತೇಕ ರೈಲುಗಳಿಗೆ ರಿಸರ್ವೇಶನ್ ಕಡ್ಡಾಯವಲ್ಲ. ಅಲ್ಲಿ ಒಂದು ರೈಲು ತಪ್ಪಿದರೆ ಮುಂದಿನದು, ಯಾರನ್ನೂ ಕೇಳಬೇಕಿಲ್ಲ. ಫ್ರಾನ್ಸ್, ಸ್ಪೇನ್, ಇಟಲಿಯ ವೇಗದ ರೈಲುಗಳಲ್ಲಿ ಆ ಸ್ವಾತಂತ್ರ್ಯವೇ ಇಲ್ಲ. ರಿಸರ್ವೇಶನ್ ಮಾಡಿಸಿದ ಕ್ಷಣ ನೀವೂ ಅಗ್ಗದ ಟಿಕೆಟ್ಟಿನವರ ಹಾಗೆ ಒಂದೇ ರೈಲಿಗೆ ಕಟ್ಟಿಬಿದ್ದಿರಿ. ಮತ್ತೆ ಪಾಸಿಗೆ ಯಾಕೆ ದುಡ್ಡು ಕೊಡಬೇಕು, ಅಲ್ವಾ?

ಊರಿನವರು ಹೆಚ್ಚಾಗಿ ಹಾಕಿಕೊಳ್ಳುವ ದಾರಿ ಪ್ಯಾರಿಸ್, ಸ್ವಿಟ್ಜರ್ಲೆಂಡ್, ವೆನಿಸ್, ರೋಮ್. ಈ ದಾರಿಗೆ ಯುರೇಲ್ ಪಾಸ್ ಬೇಡ ಎಂದೇ ನನ್ನ ಅಭಿಪ್ರಾಯ. ಪ್ಯಾರಿಸ್ ಮತ್ತು ಜ್ಯೂರಿಕ್, ಮಿಲಾನ್ ಮತ್ತು ವೆನಿಸ್, ವೆನಿಸ್ ಮತ್ತು ರೋಮ್ ನಡುವೆ ಮುಂಚಿತವಾಗಿ ಅಗ್ಗದ ಟಿಕೆಟ್ ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ಒಳಗೆ ಮಾತ್ರ ಅವರದೇ ಸ್ವಿಸ್ ಟ್ರಾವೆಲ್ ಪಾಸ್ ಅಥವಾ ಹೊರಗಿನವರಿಗೆ ಕೊಡುವ ಅರ್ಧ ದರದ ಕಾರ್ಡ್ ನೋಡಿ. ಅಲ್ಲಿ ಬೆಟ್ಟದ ರೈಲು, ಸರೋವರದ ದೋಣಿ, ಊರೊಳಗಿನ ಬಸ್ಸು ಎಲ್ಲದರಲ್ಲೂ ಅವು ಉಪಯೋಗಕ್ಕೆ ಬರುತ್ತವೆ. ಸ್ವಿಟ್ಜರ್ಲೆಂಡಿನಿಂದ ಮಿಲಾನ್‌ಗೆ ದಾಟುವ ಯೂರೋಸಿಟಿ ರೈಲಿಗೆ ರಿಸರ್ವೇಶನ್ ಬೇಕು, ಮರೆಯಬೇಡಿ. ಇದರ ಬದಲು ಮ್ಯೂನಿಕ್, ಸಾಲ್ಜ್‌ಬರ್ಗ್, ವಿಯೆನ್ನಾ, ಇನ್ಸ್‌ಬ್ರುಕ್, ಜ್ಯೂರಿಕ್ ಎಂದು ಸುತ್ತುವವರಾದರೆ ಪಾಸ್ ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಪಾಸ್ ಈಗ ಮೊಬೈಲ್ ಆ್ಯಪ್‌ನಲ್ಲಿರುತ್ತದೆ. ರೈಲು ಹತ್ತುವ ಮೊದಲೇ ಆ ರೈಲನ್ನು ಪಾಸಿಗೆ ಸೇರಿಸಿರಬೇಕು. ಸೇರಿಸದೆ ಕೂತರೆ ದಂಡ ಬೀಳಬಹುದು. ರಾತ್ರಿ ರೈಲಿನಲ್ಲಿ ಹೊರಟು ಮರುದಿನ ಬೆಳಿಗ್ಗೆ ನೇರವಾಗಿ ಇಳಿಯುವುದಾದರೆ ಹೊರಟ ದಿನವೊಂದೇ ಲೆಕ್ಕಕ್ಕೆ ಬರುತ್ತದೆ. ಇದು ಒಳ್ಳೆಯ ಉಳಿತಾಯ, ಆದರೆ ಬರ್ತಿನ ದುಡ್ಡು ಬೇರೆ.

ಜರ್ಮನಿಯಲ್ಲೇ ಒಂದು ತಿಂಗಳು ಇರುವವರು ಡಾಯ್ಚ್‌ಲಾಂಡ್ ಟಿಕೆಟ್ ಕೇಳುತ್ತಾರೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿ, 2025ರಲ್ಲಿ 58, 2026ರ ಜನವರಿಯಿಂದ 63 ಆಗಿದೆ. ದೇಶದ ಎಲ್ಲ ಲೋಕಲ್ ರೈಲು, ಮೆಟ್ರೊ, ಬಸ್ಸುಗಳಿಗೆ ಸಾಕು. ಐಸಿಇಗೆ ನಡೆಯುವುದಿಲ್ಲ. ತಡವಾದರೆ ಸಿಗುವ ಪರಿಹಾರ ಒಂದು ಸಲಕ್ಕೆ 1.50 ಯೂರೋ, ಅದೂ ಒಟ್ಟು 4 ಯೂರೋ ಆಗುವ ತನಕ ಕೈಗೆ ಬರುವುದಿಲ್ಲ. ಪ್ರತಿ ತಿಂಗಳೂ ತಾನಾಗಿ ಮುಂದುವರಿಯುವ ಚಂದಾ ಇದು. ಬೇಡವಾದರೆ ಆ ತಿಂಗಳ 10ನೇ ತಾರೀಖಿನೊಳಗೆ ನಿಲ್ಲಿಸಬೇಕು. ಊರಿಗೆ ವಾಪಸ್ ಹೋದ ಮೇಲೂ ಬ್ಯಾಂಕಿನಿಂದ ದುಡ್ಡು ಕಡಿತವಾಗುವುದು ಹೀಗೆಯೇ.

ಪೂರ್ತಿ ದರದ ಟಿಕೆಟ್

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಯಾವ ರೈಲಿಗಾದರೂ ಹತ್ತಬಹುದು, ದುಬಾರಿ. ಆಸ್ಪತ್ರೆ, ಸಂದರ್ಶನ, ಯಾವಾಗ ಮುಗಿಯುತ್ತದೋ ಗೊತ್ತಿಲ್ಲದ ಕೆಲಸ ಇದ್ದಾಗ ವಾಪಸ್ ಬರುವ ಟಿಕೆಟ್ ಮಾತ್ರ ಹೀಗೆ ತೆಗೆದುಕೊಳ್ಳಿ. ಹೋಗುವುದಕ್ಕೆ ಅಗ್ಗದ್ದೇ ಸಾಕು.

ಯಾವ ದೇಶದಲ್ಲಿ ಎಷ್ಟು ನಂಬಬಹುದು

ಯುರೋಪ್ ಅಂದರೆ ಗಡಿಯಾರದ ಹಾಗೆ ಓಡುವ ರೈಲು ಎಂದು ನಂಬಿ ಬರುವವರು ಜರ್ಮನಿಯಲ್ಲಿ ಬೇಸರಪಡುತ್ತಾರೆ. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ಶೇ 62.5 ಮಾತ್ರ. ಆರು ನಿಮಿಷದೊಳಗಿನ ವಿಳಂಬವನ್ನು ತಡ ಎಂದೇ ಅವರು ಎಣಿಸುವುದಿಲ್ಲ, ರದ್ದಾದ ರೈಲುಗಳೂ ಈ ಲೆಕ್ಕದಲ್ಲಿಲ್ಲ. ವೇಗದ ರೈಲು, ಲೋಕಲ್, ಗೂಡ್ಸ್ ಎಲ್ಲ ಬಹಳ ಕಡೆ ಒಂದೇ ಹಳಿಯ ಮೇಲೆ ಓಡುತ್ತವೆ. ಸಿಗ್ನಲ್ ವ್ಯವಸ್ಥೆ ಹಳೆಯದು. ಈಗ ಒಂದೊಂದೇ ದಾರಿಯನ್ನು ತಿಂಗಳುಗಟ್ಟಲೆ ಮುಚ್ಚಿ ರಿಪೇರಿ ಮಾಡುತ್ತಿದ್ದಾರೆ. ಫ್ರಾಂಕ್‌ಫರ್ಟ್ ಮತ್ತು ಮನ್‌ಹೈಮ್ ನಡುವಿನ ಹಳಿಯನ್ನು 2024ರ ಜುಲೈನಿಂದ ಡಿಸೆಂಬರ್ ತನಕ ಮುಚ್ಚಿದ್ದರು. ಹ್ಯಾಂಬರ್ಗ್ ಮತ್ತು ಬರ್ಲಿನ್ ನಡುವಿನದನ್ನು 2025ರ ಆಗಸ್ಟ್‌ನಲ್ಲಿ ಮುಚ್ಚಿದರು. ನಿಮ್ಮ ದಾರಿಯಲ್ಲಿ ಇಂಥದ್ದು ಇದೆಯೇ ಎಂದು ಮೊದಲೇ ನೋಡಿ.

ಸ್ವಿಟ್ಜರ್ಲೆಂಡಿನಲ್ಲಿ ಮೂರು ನಿಮಿಷ ತಡವಾದರೂ ತಡ ಎಂದೇ ಲೆಕ್ಕ, ಹಾಗಿದ್ದೂ ಶೇ 90ಕ್ಕಿಂತ ಜಾಸ್ತಿ ಪ್ರಯಾಣಿಕರು ಸಮಯಕ್ಕೆ ತಲುಪುತ್ತಾರೆ. ಜರ್ಮನಿಯಿಂದ ತುಂಬಾ ಲೇಟಾಗಿ ಬರುವ ರೈಲನ್ನು ಅವರು ಬಾಸೆಲ್‌ನಲ್ಲೇ ನಿಲ್ಲಿಸಿ, ಮುಂದಕ್ಕೆ ತಮ್ಮ ರೈಲು ಓಡಿಸುವುದೂ ಉಂಟು. ಜ್ಯೂರಿಕ್ ತನಕ ನೇರ ರೈಲು ಎಂದು ಲಗೇಜು ಹರಡಿಕೊಂಡು ಕೂತವರು ಬಾಸೆಲ್‌ನಲ್ಲಿ ಇಳಿಯಬೇಕಾಗುತ್ತದೆ.

ಫ್ರಾನ್ಸಿನಲ್ಲಿ ವೇಗದ ರೈಲಿಗೆ ಬೇರೆಯೇ ಹಳಿ ಇರುವುದರಿಂದ ಪರವಾಗಿಲ್ಲ. ಅಲ್ಲಿನ ತೊಂದರೆ ಮುಷ್ಕರ. ಇಟಲಿಯಲ್ಲೂ ಮುಷ್ಕರ ಇದ್ದದ್ದೇ, ಆದರೆ ತಾರೀಖು ಮೊದಲೇ ಗೊತ್ತಾಗುತ್ತದೆ. ವಾರದ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಲೋಕಲ್ ರೈಲು ಓಡಿಸಲೇಬೇಕೆಂಬ ವ್ಯವಸ್ಥೆಯೂ ಇದೆ.

ತಡವಾದರೆ ಏನು ಕೇಳಬಹುದು

ನಮ್ಮ ರೈಲ್ವೆಯಲ್ಲಿ ರೈಲು ಮೂರು ಗಂಟೆಗಿಂತ ತಡವಾಗಿ, ನೀವು ಪ್ರಯಾಣ ಕೈಬಿಟ್ಟರೆ ಪೂರ್ತಿ ದುಡ್ಡು ವಾಪಸ್. ಹತ್ತಿ ಹೋದರೆ ಏನೂ ಇಲ್ಲ. ಯುರೋಪಿನಲ್ಲಿ ಹತ್ತಿ ಹೋದರೂ ಸಿಗುತ್ತದೆ. ತಲುಪುವುದು 60 ನಿಮಿಷ ತಡವಾದರೆ ಟಿಕೆಟ್ಟಿನ ಶೇ 25, ಎರಡು ಗಂಟೆ ಮೀರಿದರೆ ಶೇ 50. 80 ಯೂರೋ ಟಿಕೆಟ್ಟಿಗೆ 20 ಅಥವಾ 40. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾ ರೈಲುಗಳಲ್ಲಿ 30 ನಿಮಿಷಕ್ಕೇ ಶೇ 25ರ ವೋಚರ್ ಕೊಡುತ್ತಾರೆ. ಭಾರೀ ಹವಾಮಾನ ವೈಪರೀತ್ಯ, ಕೇಬಲ್ ಕಳವು ಇಂಥ ಕಾರಣಗಳಿಗೆ ಒಕ್ಕೂಟದ ನಿಯಮದ ಪರಿಹಾರ ಇಲ್ಲ. ಆದರೆ ರೈಲಿನ ಸಿಬ್ಬಂದಿಯೇ ಮಾಡುವ ಮುಷ್ಕರ ಆ ವಿನಾಯಿತಿಯಲ್ಲಿ ಬರುವುದಿಲ್ಲ. "ಮುಷ್ಕರ ಇತ್ತು, ಪರಿಹಾರ ಇಲ್ಲ" ಎಂದರೆ ಒಪ್ಪಬೇಡಿ.

ಒಂದು ಗಂಟೆಗಿಂತ ತಡವಾಗುತ್ತದೆ ಎಂದು ಮೊದಲೇ ಗೊತ್ತಾದರೆ ಹೋಗುವುದೇ ಬೇಡ ಎಂದು ಪೂರ್ತಿ ದುಡ್ಡು ವಾಪಸ್ ಕೇಳಬಹುದು, ಇಲ್ಲವೇ ಬೇರೆ ದಾರಿಯಲ್ಲಿ ಕಳಿಸಿ ಎನ್ನಬಹುದು. 100 ನಿಮಿಷ ಕಳೆದರೂ ಕಂಪನಿ ಬೇರೆ ದಾರಿ ತಿಳಿಸದಿದ್ದರೆ ನೀವೇ ಬೇರೆ ರೈಲಿನ ಅಥವಾ ಬಸ್ಸಿನ ಟಿಕೆಟ್ ಕೊಂಡು ಆ ಖರ್ಚು ಕೇಳಬಹುದು. ಕಾಯುವಾಗ ಊಟ, ನೀರು, ರಾತ್ರಿ ಉಳಿಯಬೇಕಾದರೆ ಹೋಟೆಲ್ ಒದಗಿಸುವುದೂ ಅವರ ಕೆಲಸ. ಜರ್ಮನಿಯಲ್ಲಿ ಆ ದಿನದ ಕೊನೆಯ ರೈಲು ರದ್ದಾಗಿ ಮಧ್ಯರಾತ್ರಿಯೊಳಗೆ ಬೇರೆ ರೀತಿ ತಲುಪಲು ಆಗದಿದ್ದರೆ 120 ಯೂರೋ ತನಕ ಟ್ಯಾಕ್ಸಿ ಖರ್ಚೂ ಕೊಡುತ್ತಾರೆ. ಇದಕ್ಕೆಲ್ಲ ರಸೀದಿ ಬೇಕು. ಬೋರ್ಡಿನ ಮೇಲಿನ ವಿಳಂಬದ ಫೋಟೊ ತೆಗೆದಿಡಿ. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಪಾಸಿನವರೂ ಹಾಕಬಹುದು, ಅವರಿಗೆ ಪಾಸಿನ ಒಂದು ದಿನದ ಬೆಲೆಯ ಮೇಲೆ ಲೆಕ್ಕ, ಹಾಗಾಗಿ ಮೊತ್ತ ಚಿಕ್ಕದು.

ತಪ್ಪಿದ ವಿಮಾನ, ಕೈತಪ್ಪಿದ ಹೋಟೆಲ್ ಬಾಡಿಗೆ, ನೋಡಲಾಗದ ಮ್ಯೂಸಿಯಂ ಟಿಕೆಟ್, ಇವನ್ನು ರೈಲು ಕಂಪನಿ ಸಾಮಾನ್ಯವಾಗಿ ಕಟ್ಟಿಕೊಡುವುದಿಲ್ಲ.

ಬೆಂಗಳೂರಿನ ವಿಮಾನ ಹಿಡಿಯುವ ದಿನ

ಅದಕ್ಕೇ ಈ ದಿನವನ್ನು ಬೇರೆಯಾಗಿ ಯೋಚಿಸಬೇಕು. ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್‌ನಿಂದ ಲುಫ್ತಾನ್ಸಾ ನೇರವಾಗಿ ಬೆಂಗಳೂರಿಗೆ ಹಾರುತ್ತದೆ. ಕಲೋನ್, ಸ್ಟುಟ್‌ಗಾರ್ಟ್ ಕಡೆಯ ಕನ್ನಡಿಗರು ಫ್ರಾಂಕ್‌ಫರ್ಟ್‌ಗೆ ರೈಲಿನಲ್ಲೇ ಹೋಗುತ್ತಾರೆ. ಆಯ್ಕೆ ಮೂರು. ಸ್ವಂತವಾಗಿ ಅಗ್ಗದ ರೈಲು ಟಿಕೆಟ್ ಕೊಂಡರೆ ವಿಮಾನ ತಪ್ಪಿದರೆ ನಿಮ್ಮದೇ ಹೊಣೆ. ವಿಮಾನದ ಟಿಕೆಟ್ಟಿನ ಜೊತೆ ಬರುವ ರೈಲ್ ಅಂಡ್ ಫ್ಲೈ ಆದರೆ ಆ ದಿನ ಯಾವ ರೈಲಿಗಾದರೂ ಹತ್ತಬಹುದು, ಆದರೆ ಸಮಯಕ್ಕೆ ತಲುಪುವುದು ನಿಮ್ಮ ಜವಾಬ್ದಾರಿಯೇ. ಲುಫ್ತಾನ್ಸಾ ಎಕ್ಸ್‌ಪ್ರೆಸ್ ರೈಲ್‌ನಲ್ಲಿ ಮಾತ್ರ ರೈಲಿಗೂ ವಿಮಾನದ ಹಾಗೆ ನಂಬರ್ ಇರುತ್ತದೆ, ಎರಡೂ ಒಂದೇ ಬುಕಿಂಗ್. ರೈಲು ತಡವಾಗಿ ವಿಮಾನ ತಪ್ಪಿದರೆ ಮುಂದಿನದಕ್ಕೆ ಅವರೇ ಹತ್ತಿಸುತ್ತಾರೆ. ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಹೊರಟಿದ್ದರೆ ನಾನು ಬೇರೆ ಯೋಚಿಸದೆ ಇದನ್ನೇ ಮಾಡಿಸುತ್ತೇನೆ. ಆ ಸೌಲಭ್ಯ ಇಲ್ಲದ ಊರಾದರೆ, ಬೇಕಾದ ರೈಲಿಗಿಂತ ಎರಡು ರೈಲು ಮೊದಲಿನದು ಹಿಡಿಸಿ. ನಡುವೆ ರೈಲು ಬದಲಿಸುವುದಿದ್ದರೆ ಬುಕ್ ಮಾಡುವಾಗಲೇ ಬದಲಿಸುವ ಸಮಯವನ್ನು ಕನಿಷ್ಠ 30 ನಿಮಿಷ ಎಂದು ಸೈಟಿನಲ್ಲಿ ಹಾಕಿಬಿಡಿ, 8 ನಿಮಿಷದ ಜೋಡಣೆಗಳು ಆಗ ಪಟ್ಟಿಯಲ್ಲಿ ಬರುವುದೇ ಇಲ್ಲ.